ಕಲ್ಲುಸಕ್ಕರೆ ಕರಗುವ ತನಕ

ಗದಗ, ದುರಸ್ತಿ ತಿಂಗಳ ಒಂಬತ್ತನೆಯ ದಿನ, ೨೧೬೩

ಬಹಳ ಹಿಂದಿನ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ವರ್ಷದಲ್ಲಿ ಕೆಟ್ಟದ್ದನ್ನೆಲ್ಲ ಸರಿಮಾಡಲು ನಾವು ಕೊನೆಗೆ ಹತ್ತು ದಿನದ ಹದಿಮೂರನೆಯ ತಿಂಗಳೊಂದನ್ನು ಇಟ್ಟುಕೊಂಡಿದ್ದೇವೆ. ಛಾವಣಿ, ಗಾಳಿಬಂಡಿ, ಜಗಳ, ಎಲ್ಲದರ ರಿಪೇರಿಯೂ ಆ ಹತ್ತು ದಿನಗಳಲ್ಲೇ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನ ಇಂಗ್ಲಿಷ್ ನಡುನಡುವೆ ನುಗ್ಗುತ್ತದೆ, ಅದೂ ಅರ್ಧಂಬರ್ಧ. ‘ಸ್ಲೋ ಅಂಡ್ ಸ್ಟೆಡಿ’ ಎಂದು ಶುರುವಾಗುವ ಒಂದು ಮಾತಿತ್ತಲ್ಲ, ಅದರ ಮುಂದಿನದು ಮರೆತಿದೆ. ದಾನಮ್ಮ ಇದ್ದಿದ್ದರೆ ನಗುತ್ತಿದ್ದಳು. ದಾನಮ್ಮ ನನ್ನ ಹೆಂಡತಿ. ಹೋಗಿ ನಾಲ್ಕು ವರ್ಷವಾಯಿತು.

ಹಾಂ, ವಿಷಯಕ್ಕೆ ಬರುತ್ತೇನೆ. ನಾನೀಗ ‘ಜೊತೆಗಿವಿ’. ಓದು ತೊಡಕಾಗುವ ಮಗುವಿನ ಪಕ್ಕ ದಿನಾ ಇಪ್ಪತ್ತು ನಿಮಿಷ ಕೂತು ಕೇಳುವ ಮುದುಕರಿಗೆ ಇಲ್ಲಿ ಹಾಗೆನ್ನುತ್ತಾರೆ. ಡಿಸ್ಲೆಕ್ಸಿಯಾ ಎಂಬುದು ನಿಮ್ಮ ಕಾಲದ ಪದ. ನಮ್ಮಲ್ಲೂ ಉಳಿದಿದೆ, ಅದರ ಜೊತೆಗಿದ್ದ ನಾಚಿಕೆ ಮಾತ್ರ ಉಳಿದಿಲ್ಲ. ಮಗುವಿಗೆ ಐದು ತುಂಬುತ್ತಲೇ ಮಾತಿನೊಳಗಿನ ಸದ್ದುಗಳು ಬಿಡಿಬಿಡಿಯಾಗಿ ಕೇಳಿಸುತ್ತವೆಯೇ ಎಂದು ನೋಡುತ್ತಾರೆ. ತೊಡಕಿದ್ದರೆ ಪದವನ್ನು ಚಪ್ಪಾಳೆ ತಟ್ಟಿ ಒಡೆಯುವುದು, ಅಕ್ಷರವನ್ನು ಉಚ್ಚರಿಸುತ್ತಲೇ ಮರಳಿನ ತಟ್ಟೆಯಲ್ಲಿ ಬೆರಳಾಡಿಸುವುದು, ಒಂದು ಒತ್ತಕ್ಷರ ಗಟ್ಟಿಯಾದ ಮೇಲೇ ಇನ್ನೊಂದು. ಪ್ರತಿ ಶುಕ್ರವಾರ ಅಳೆದು ನೋಡುತ್ತಾರೆ. ಮಗು ಮುಂದೆ ಹೋಗದಿದ್ದರೆ ಕಲಿಸುವ ರೀತಿ ಬದಲಿಸುತ್ತಾರೆ, ಮಗುವನ್ನು ಬೈಯುವುದಿಲ್ಲ.

ಜೊತೆಗಿವಿಗೆ ಇರುವುದು ಒಂದೇ ನಿಯಮ. ಮಗು ತಡವರಿಸಿದಾಗ ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಅದು ಕರಗುವ ತನಕ ಸುಮ್ಮನಿರಬೇಕು. ನಾನೇನು ಮಾಡಿದೆ ಅಂದರೆ, ಸಕ್ಕರೆಯನ್ನು ಕಟುಮ್ಮನೆ ಕಡಿದು ನುಂಗಿ ಪದ ಹೇಳಿಕೊಟ್ಟೆ. ನನ್ನ ಪಾಲಿಗೆ ಬಂದ ಪಕ್ಕದ ಮನೆಯ ಪಾರವ್ವ, ಏಳು ವರ್ಷದ ಕೂಸು, ಹುಬ್ಬು ಗಂಟಿಕ್ಕಿ ಕೂತರೆ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಒಂದೇ ವಾರದಲ್ಲಿ ಪುಟವನ್ನು ನೀರು ಕುಡಿದಂತೆ ಓದತೊಡಗಿದಳು. ನಾನು ಓಣಿಯೆಲ್ಲ ಹೇಳಿಕೊಂಡು ಬಂದೆ.

ಶುಕ್ರವಾರ ಮೆಹರುನ್ನಿಸಾ ಅಕ್ಕೋರು, ಅಂದರೆ ಅವಳ ಟೀಚರು, ಹೊಸ ಹಾಳೆ ಕೊಟ್ಟರು. ಪಾರವ್ವನಿಗೆ ಮೊದಲ ಪದವೇ ಓದಲಾಗಲಿಲ್ಲ; ಹಳೆಯ ಪುಟ ನನ್ನಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು, ಅಷ್ಟೇ. ಅಕ್ಕೋರು ನನ್ನ ಕಡೆ ತಿರುಗಿ, “ಕಾಕಾ, ಇಷ್ಟು ದಿನ ಓದಿದ್ದು ಹುಡುಗಿ ಅಲ್ಲ, ನೀವು. ನಿಮಗ ಪೂರ್ತಿ ಮಾರ್ಕ್ಸ್ ಕೊಡ್ಲೇನು?” ಅಂದರು. ನನಗೇನೋ ನಗು ಬಂತು, ಪಾರವ್ವನಿಗೆ ಬರಲಿಲ್ಲ. “ನನ್ನ ತಲ್ಯಾಗ ಅಕ್ಷರ ನಿಲ್ಲೂದುಲ್ಲ, ಬಿಡ್ರಿ” ಎಂದು ಎದ್ದು ಹೋದಳು. ಆರು ದಿನ ಪುಸ್ತಕ ಮುಟ್ಟಲಿಲ್ಲ. ಕೆಡಿಸಿದವನು ನಾನು.

ನಿನ್ನೆ ಬಂದಳು, ಓದಲಿಕ್ಕಲ್ಲ, ನಿಂಬೆಹಣ್ಣು ಕೊಡಲಿಕ್ಕೆ. ಅಡುಗೆಮನೆಯ ಕಪಾಟಿನ ಬಾಗಿಲಿಗೆ ದಾನಮ್ಮ ನನಗೆಂದೇ ಬರೆದು ಅಂಟಿಸಿದ, ಉಪ್ಪಿನಕಾಯಿ ಹಾಕುವ ವಿಧಾನದ ಚೀಟಿ ಅವಳ ಕಣ್ಣಿಗೆ ಬಿತ್ತು. “ಅದೇನ್ರಿ ಮುತ್ಯಾ?” ಅಂದಳು. ನಾನು ಅದನ್ನು ಎರಡನೇ ಸಾಲಿನಾಚೆಗೆ ಎಂದೂ ಓದಿರಲಿಲ್ಲ, ಕಣ್ಣು ಮಂಜಾಗುತ್ತಿತ್ತು. “ನನಗೂ ಗೊತ್ತಿಲ್ಲವ್ವಾ” ಅಂದೆ. ಅದು ನಿಜವೇ. ಹೇಳಿಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವಳು ಸ್ಟೂಲು ಹತ್ತಿದಳು. ಬೆರಳಿಟ್ಟು, ತೊಡೆಯ ಮೇಲೆ ತಟ್ಟಿ, ಒಡೆದು, ಕೂಡಿಸಿ ಓದತೊಡಗಿದಳು. ನನಗೆ ಮೂರು ಚೂರು ಸಕ್ಕರೆ ಬೇಕಾಯಿತು. ಅರ್ಧ ಗಂಟೆಗೆ ಕೊನೆಯ ಸಾಲು ಬಂತು: “ಬರೂದುಲ್ಲಂತ ಮಂದಿ ಕೈಯಾಗ ಕೊಡಬ್ಯಾಡ್ರಿ. ತಡ ಆದ್ರೂ ನೀವ ಹಾಕ್ರಿ.” ಪಾರವ್ವ ಹಿಂತಿರುಗಿ, “ಓದಿದೆ” ಅಂದಳು, ಮೆಲ್ಲಗೆ, ತನಗೇ ಸುದ್ದಿ ಹೇಳಿಕೊಳ್ಳುವವಳಂತೆ. ಆಮೇಲೆ, “ಯಾಕ ಅಳಾಕತ್ತೀರಿ? ತಪ್ಪಾತೇನು?”

ತಪ್ಪಾಗಿರಲಿಲ್ಲ. ಇಬ್ಬರೂ ಕೂತು ನಿಂಬೆಹಣ್ಣು ಹೆಚ್ಚಿದೆವು. ಉಪ್ಪು ಜಾಸ್ತಿಯಾಗಿದೆ, ಇರಲಿ.

ಹಿರಿಯರೇ, ನಿಮ್ಮ ಪಕ್ಕದಲ್ಲೂ ಹುಬ್ಬು ಗಂಟಿಕ್ಕಿ ಕೂತ ಮಗುವೊಂದು ಇರಬಹುದು. ದಡ್ಡ ಅನ್ನಬೇಡಿ, ಪ್ರೀತಿಯಿಂದ ನಡುವೆ ಬಾಯಿ ಹಾಕಲೂಬೇಡಿ. ಸರಿಯಾಗಿ ಕಲಿಸಿ, ಆಮೇಲೆ ಕಾಯಿರಿ. ಇಷ್ಟೇ ನನ್ನ ಕೋರಿಕೆ. ಭರಣಿಗೆ ಹಚ್ಚುವ ಹೆಸರಿನ ಚೀಟಿಯನ್ನು ಪಾರವ್ವ ಈಗ ನನ್ನೆದುರೇ ಬರೆಯುತ್ತಿದ್ದಾಳೆ. ಒಂದು ಒತ್ತು ಬಿಟ್ಟಿದ್ದಾಳೆ. ಬರೆದದ್ದನ್ನೇ ನೋಡುತ್ತಾ ಇದ್ದಾಳೆ. ನನ್ನ ಬಾಯಲ್ಲಿ ಕಲ್ಲುಸಕ್ಕರೆ ಇನ್ನೂ ಕರಗಿಲ್ಲ.

ನಿಮ್ಮ ಮರಿಮೊಮ್ಮಗನ ವಾರಿಗೆಯ,
ಶಿವಪುತ್ರಪ್ಪ