ಕೊಡೆ ಬಿಚ್ಚಬಾರದ ಅಂಗಳ

ಗೆಳೆಯಾ ಮಲ್ಲಪ್ಪಾ,

ನಿನ್ನೆ ನಿನ್ನ ಮಗಳು ಸುಮಿತ್ರಾಳ ಜೊತೆ ವಾನವಡಿಗೆ, ಇಲ್ಲಿಯವರು ಛತ್ರಿ ಅನ್ನುವ ಆ ಮರಾಠಾ ಸರದಾರರ ಸಮಾಧಿಗೆ ಹೋಗಿದ್ದೆ. ಸರದಾರರ ಛತ್ರಿ ನೋಡಲು ಹೊರಟ ಇನ್ನೊಂದು ಛತ್ರಿ ನಾನು! ಕೈಯಲ್ಲಿ, ನೀನು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ ನಿನ್ನ ಹಳೆಯ ಕಪ್ಪು ಕೊಡೆ.

ಆ ಮಳೆಗಾಲ ನೆನಪಿದೆಯಾ? ನೀನು ಬಾಗಲಕೋಟೆ ಕಡೆಯಿಂದ ಬಂದ, ಕಲ್ಲು ಕಟ್ಟುವ ಹೊಸ ಗವಂಡಿ, ನಾನು ಸ್ವಾರಗೇಟಿನ ನಮ್ಮ ಹೋಟೆಲಿನಲ್ಲಿ ಬನ್ಸ್ ಕರಿಯುವವ. ಸರದಾರರ ಸಮಾಧಿಯ ಕಲ್ಲುಕೆಲಸ ನೋಡಬೇಕೆಂದು ನೀನು ಹಟ ಹಿಡಿದಿದ್ದೆ. ಆ ಅಂಗಳದಲ್ಲಿ ಕೊಡೆ ಸರದಾರರಿಗೆ ಮಾತ್ರ ಸಲ್ಲುವ ಮರ್ಯಾದೆ, ಮಳೆಯಿರಲಿ ಬಿಸಿಲಿರಲಿ ಬೇರೆ ಯಾರೂ ಬಿಚ್ಚುವಂತಿಲ್ಲ. ನಾನು ನಿನಗೆ ಹೇಳಿದ್ದು ತಿರುಗಾಮುರುಗಾ: ಒಳಗೆ ಕಾಲಿಟ್ಟ ಕೂಡಲೇ ಬಿಚ್ಚಿ ಎತ್ತಿ ಹಿಡಿಯಬೇಕು, ಅದೇ ವಂದನೆ ಅಂತ.

ಕಾವಲುಗಾರ ಬೈದ. ನೀನು ಕೊಡೆ ಮಡಚಿ, ಏನೂ ನೋಡದೆ ಹೊರಗೆ ನಡೆದುಬಿಟ್ಟೆ. ಕಂಬದ ಹಿಂದೆ ನಗುತ್ತಿದ್ದ ನನಗೆ ನಿನ್ನ ಮುಖ ಕಂಡಿತು, ನಗು ಅಲ್ಲೇ... ಹೇಗೆ ಹೇಳಲಿ? ಮರುದಿನದಿಂದ ಮೊದಲ ಬಾಣಲೆಯ ಬನ್ಸ್ ನಿನ್ನ ತಟ್ಟೆಗೇ. ಮತ್ತೆ ಹೋಗೋಣ ಬಾ ಅಂದಾಗೆಲ್ಲ ತಲೆ ತಗ್ಗಿಸಿ, “ಬ್ಯಾಡೋ ಶೀನ್ಯಾ, ರೀತಿ ತಿಳೀದವರಿಗೆ ಅದೆಲ್ಲಾ ಯಾಕ” ಅನ್ನುತ್ತಿದ್ದೆ. ನಲವತ್ತು ವರ್ಷ ಆ ಮಾತು ನನ್ನನ್ನು ಚುಚ್ಚಿದೆ, ಗೊತ್ತಾ?

ನಿನ್ನೆ ಒಳಗೆ ಹೋದರೆ, ಅಬ್ಬಾ! ಹಳದಿ ಕಲ್ಲಿನ ಶಿಖರದ ತುಂಬ ಕೂತ ಋಷಿಗಳು, ಬಣ್ಣದ ಗಾಜಿನ ಕಿಟಕಿ, ಗೋಡೆಯ ಮೇಲೆ ಮನೆತನದವರ ಚಿತ್ರಗಳ ಸಾಲು. ಅದರಾಚೆ ಹಳೆಯ ಕರಿಕಲ್ಲಿನ ಗುಡಿ, ತಣ್ಣಗೆ. ಕಲ್ಲಿಗೆ ಕಲ್ಲು ಕೂತ ಸಂದಿಯಲ್ಲಿ ಉಗುರು ತೂರದು. ಇದನ್ನೆಲ್ಲ ನಿನ್ನಿಂದ ತಪ್ಪಿಸಿದೆನಲ್ಲಾ ಎಂದು ಕಣ್ಣು ತುಂಬಿ, ಸುಮಿತ್ರಾಳೆದುರು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟೆ.

ಅವಳು ಸೆರಗು ಬಾಯಿಗಿಟ್ಟು ನಕ್ಕಳು.

“ಕಾಕಾ, ಅಪ್ಪಗ ಅವತ್ತೇ ಗೊತ್ತಾಗಿತ್ತರಿ. ಕಂಬದ ಹಿಂದಿಂದ ನಿಮ್ಮ ಹೊಟ್ಟಿ ಕಾಣಸ್ತಿತ್ತಂತ.”

ಮರುವಾರವೇ ನೀನು ಒಬ್ಬನೇ ಬಂದು ನೋಡಿದ್ದೆಯಂತೆ. ಆಮೇಲೆ ಪ್ರತಿ ಶ್ರಾವಣ ಸೋಮವಾರ ಮಕ್ಕಳನ್ನು ಕರೆತಂದು, ಈ ಸಂದಿಗಳ ಮೇಲೆ ಅವರ ಬೆರಳು ಹಿಡಿದು ಓಡಿಸಿದ್ದೆಯಂತೆ. ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ಬನ್ಸ್ ಬಂದ್ ಆಗ್ತಾವ ಅಂತಿದ್ರು.”

ಎಲಾ ಕಲ್ಲುಮುಖದವನೇ! ಊರಿಗೆಲ್ಲ ಟೋಪಿ ಹಾಕಿದ ನಾನು, ನಲವತ್ತು ವರ್ಷ ನಿನ್ನ ಟೋಪಿ ಹೊತ್ತು ತಿರುಗಿದೆನಾ?

ತಲೆ ಬಿಸಿಯಲ್ಲಿ ಅಂಗಳಕ್ಕಿಳಿದೆ. ಮಳೆ ಬಂತು. ಕೈ ತಾನಾಗಿ ನಿನ್ನ ಕೊಡೆ ಬಿಚ್ಚಿತು. “ಆಜೋಬಾ, ಛತ್ರಿ ಮಿಟಾ!” ಕೊಡೆ ಮಡಚು ಅಜ್ಜಾ ಅಂತ ಕಾವಲುಗಾರ ಮರಾಠಿಯಲ್ಲಿ ಕೂಗಿದ. ತಿರುಗಿ ನೋಡಿದರೆ ನಿನ್ನ ಮಗಳು ನನ್ನ ಪರಿಚಯವೇ ಇಲ್ಲದವಳಂತೆ ಕಂಬದ ಹಿಂದೆ ಸರಿದಿದ್ದಳು. ಹೆಗಲು ಮಾತ್ರ ಕುಲುಕುತ್ತಿತ್ತು. ಕೊಡೆ ಮಡಚಿದೆ. ಸರದಾರರಿಗೊಂದು, ನಿನಗೊಂದು ಮರ್ಯಾದೆ ಅಂತ ಪೂರ್ತಿ ತೊಯ್ಯುವವರೆಗೂ ನಿಂತೇ ಇದ್ದೆ.

ಶ್ರಾವಣದಲ್ಲಿ ಮತ್ತೆ ಬರುತ್ತೇನೆ, ಬನ್ಸ್ ಕಟ್ಟಿಕೊಂಡು. ನೀನೂ ಅಲ್ಲೇ ಕಂಬದ ಹಿಂದಿದ್ದರೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲು. ನಲವತ್ತು ವರ್ಷ ನಾನೇ ಬೆಳೆಸಿದ ಹೊಟ್ಟೆ, ಗುರುತು ಹಿಡಿದುಬಿಡುತ್ತೇನೆ.

ನಿನ್ನ ಶೀನ್ಯಾ