ಸಾಯಲೊಲ್ಲದ ಜೀವಕೋಶ

ಮಾಟುಂಗ, ಮುಂಬಯಿ
೨೦ ಆಗಸ್ಟ್ ೧೯೯೧

ನನ್ನ ಮುದ್ದು ನಾಣಿ,

ಹಡಗಿನ ಎಂಜಿನ್ ಕೋಣೆಯ ಸೆಕೆಗೆ ನಿನ್ನ ಬೆನ್ನ ತುಂಬ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಪಂಕಜಾ ಆರೋಗ್ಯವಾಗಿದ್ದಾಳೆ. ನಿನ್ನ ಹೆಂಡತಿ ಎಂದು ಹೊಗಳುತ್ತಿಲ್ಲ, ಈಚೆಗೆ ನನ್ನನ್ನು ಕೂತಲ್ಲಿಂದ ಏಳಗೊಡುವುದಿಲ್ಲ.

ನಿನ್ನ ಮಗಳು ಭಾನುವಾರ ನಮ್ಮ ಕನ್ನಡ ಸಂಘದಲ್ಲಿ ಭಾಷಣ ಮಾಡಿದಳು ಕಣೋ! ಪರೇಲಿನ ಲ್ಯಾಬಿನಲ್ಲಿ ಹಗಲೆಲ್ಲ ಏನು ಮಾಡುತ್ತೀಯೆ ಎಂದು ಕೇಳಿದರೆ "ಅಜ್ಜಿ, ಬಹುತ್ ಕಾಂಪ್ಲಿಕೇಟೆಡ್ ಇದೆ" ಎಂದು ಜಾರಿಕೊಳ್ಳುತ್ತಿದ್ದ ವಿಮಲಾ, ಮೈಕಿನ ಮುಂದೆ ನಿಂತು ಕನ್ನಡದಲ್ಲೇ ಹೇಳಿದಳು. ನಮ್ಮ ಮೈಯೊಳಗಿನ ಜೀವಕೋಶಗಳು ಕೆಲಸ ಮುಗಿದ ಮೇಲೆ ತಾವಾಗಿಯೇ ಸಾಯುತ್ತವಂತೆ. ಗೊದಮೊಟ್ಟೆಯ ಬಾಲ ಕರಗಿ ಕಪ್ಪೆಯಾಗುವುದೂ ಹಾಗೆಯೇ ಅಂತೆ. ಆ ಸಾವಿಗೆ ಅಡ್ಡ ನಿಂತು ಕೋಶವನ್ನು ಬದುಕಿಸುವ ಒಂದು ಜೀನ್ ಇದೆ, ಬಿಸಿಎಲ್-ಟೂ ಎಂದು ಅದರ ಹೆಸರು ಎಂದಳು. ಮೊದಮೊದಲು ತಡವರಿಸಿದಳು, ಮಾತಿಗೊಮ್ಮೆ ಹಿಂದಿಯ 'ಮತ್ಲಬ್' ನುಗ್ಗುತ್ತಿತ್ತು. ಆದರೂ ಒಬ್ಬರೂ ಎದ್ದುಹೋಗಲಿಲ್ಲ.

ವಿಕ್ರೋಳಿಯ ಕಾರ್ಖಾನೆಯಿಂದ ನಿವೃತ್ತರಾದ ಧಾರವಾಡದ ನೀಲಕಂಠಪ್ಪನವರು ಎದ್ದು ನಿಂತು, "ಅಲ್ಲವ್ವಾ, ಸಾವು ತಡೀತೈತಿ ಅಂದ್ರ ಛಲೋನ ಆತಲ್ಲ? ನಮಗೂ ಒಂದೀಟು ಕೊಡು" ಎಂದರು. ಜನ ಗೊಳ್ಳೆಂದು ನಕ್ಕರು. ವಿಮಲಾ ನಗಲಿಲ್ಲ.

"ನಿಮ್ಮಲ್ಲೂ ಅದು ಇದೆ ಅಂಕಲ್. ಎಷ್ಟು ಬೇಕೋ ಅಷ್ಟಿದ್ದರೆ ಒಳ್ಳೇದು. ಆದ್ರೆ ರಕ್ತದ ಯಾವುದೋ ಒಂದು ಕೋಶದಲ್ಲಿ ಅದು ಬಂದ್ ಆಗೋದೇ ಇಲ್ಲ ಅಂದ್ರೆ, ಆ ಕೋಶ ಸಾಯಲ್ಲ. ಅದರ ಮಕ್ಕಳೂ ಸಾಯಲ್ಲ. ಎಲ್ಲಾ ಸೇರಿ ಗಂಟಾಗತ್ತೆ. ಅದೂ ಒಂದು ಥರದ ಕ್ಯಾನ್ಸರ್. ಅದನ್ನ ಸಾಯೋಕೆ ಒಪ್ಪಿಸೋದು ಹೇಗೆ ಅಂತ ನಾವು ಹುಡುಕ್ತಾ ಇದ್ದೀವಿ."

ನೀಲಕಂಠಪ್ಪನವರು ವೇದಿಕೆ ಹತ್ತಿ, ಅವಳ ತಲೆಯ ಮೇಲೆ ಕೈಯಿಟ್ಟು, "ಹುಡುಕವ್ವಾ, ಬಿಡಬ್ಯಾಡ" ಎಂದರು. ಪಕ್ಕದ ಹೆಂಗಸು "ಯಾರ ಮನೆ ಹುಡುಗಿ?" ಎಂದು ಕೇಳಿದ್ದೇ ತಡ, ಹಿಂದಿನ ಸಾಲುಗಳಿಗೂ ಕೇಳುವ ಹಾಗೆ "ನನ್ನ ಮೊಮ್ಮಗಳು!" ಎಂದೆ. ಪಂಕಜಾ ನಾಚಿಕೊಂಡು ನನ್ನ ಸೆರಗು ಎಳೆದಳು. ಎಳೆಯಲಿ ಬಿಡು. ನಿಮ್ಮಪ್ಪ ಇದ್ದಿದ್ದರೆ ನನಗಿಂತ ಗಟ್ಟಿಯಾಗಿ ಕೂಗುತ್ತಿದ್ದರು.

ಸಮುದ್ರರಾಜ ನಿನ್ನನ್ನು ಮೆಲ್ಲಗೆ ತೂಗಲಿ, ನೂರು ವರ್ಷ ಬಾಳು.

ನಿನ್ನ ಅಮ್ಮ,
ಅಮ್ಮಣ್ಣಿ

ಇನ್ನೊಂದು ಮಾತು. ನೀನು ಹೊರಡುವ ಮುಂಚೆ ನನ್ನ ಕುತ್ತಿಗೆಯಲ್ಲಿ ಮುಟ್ಟಿ ನೋಡಿದ್ದ ಗಂಟಿನ ರಿಪೋರ್ಟು ಶುಕ್ರವಾರ ಬಂತು. ವಿಮಲಾ ಹೇಳಿದಳಲ್ಲ, ಅದೇ ಜಾತಿಯದು. ನಿಧಾನವಾಗಿ ಬೆಳೆಯುವಂಥದ್ದು, ವರ್ಷಗಟ್ಟಲೆ ಬದುಕಿದವರಿದ್ದಾರೆ ಎಂದರು ಡಾಕ್ಟರು. ಹಡಗು ಬಿಟ್ಟು ಓಡಿಬರಬೇಡ. ವಿಮಲಾ ಅತ್ತೂ ಅತ್ತೂ ಭಾಷಣಕ್ಕೇ ಹೋಗುವುದಿಲ್ಲ ಎಂದು ಕೂತಳು. "ಹೋಗೇ, ನನಗೆ ಏನಾಗಿದೆ ಅಂತ ನಿನ್ನ ಬಾಯಲ್ಲೇ ಕೇಳಬೇಕು" ಎಂದು ಗದರಿಸಿ, ಮುಂದಿನ ಸಾಲಿನಲ್ಲಿ ಹೋಗಿ ಕೂತೆ. ಎಲ್ಲಾ ಅರ್ಥವಾಯಿತು, ಹೆದರಿಕೆಯೂ ಅರ್ಧ ಇಳಿಯಿತು. ನನಗೆ ಬರೆಯದಿದ್ದರೂ ಪರವಾಗಿಲ್ಲ, ಅವಳಿಗೆ ಬರೆ.