ದಿಲ್ಲಿಗೆ ಹೊರಟು ಶಲವಡಿಗೆ ಬಂದದ್ದು

ಶಲವಡಿ
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ಮಗಳು ಮಹಾನಂದಾಗೆ,

ಆಕಾಶಕ್ಕೆ ಹೋಗುವುದನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡು ನೆಲದ ಮೇಲೆಯೇ ಉಳಿದ ನಿನ್ನ ಅಪ್ಪ ಹೊಳೆಪ್ಪನ ಆಶೀರ್ವಾದಗಳು. ಮೊದಲು ನಿನ್ನ ಕಾಲಿನ ಸುದ್ದಿ ಹೇಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಾವು ಇಳಿಯಿತೇ? ಮೆಟ್ಟಿಲು ಹತ್ತುವಾಗ ಇನ್ನೂ ಕಟಕಟ ಅನ್ನುತ್ತದೆ ಎಂದು ನಿಮ್ಮವ್ವ ಹೇಳಿದಳು. ಎಳ್ಳೆಣ್ಣೆ ಹಚ್ಚಿ ತಿಕ್ಕು, ಓಡಾಡುವ ಅವಸರ ಬೇಡ. ಕಾಲು ಮುರಿದದ್ದು ನಿನ್ನದಾದರೂ ಈ ಮೂರು ತಿಂಗಳು ಕಾಲ ಕಳೆಯಲಾರದೆ ಕುಂಟಿದವನು ನಾನು. ಅಳಿಯಂದಿರಾದ ಸುಭಾಸ ಅವರ ಬೆನ್ನುನೋವು ಹೇಗಿದೆ? ಇಲ್ಲಿ ಕಡಲೆ ಕಿತ್ತು ಒಟ್ಟಿ ಆಯಿತು. ನಾನು ಗಟ್ಟಿಯಾಗಿದ್ದೇನೆ, ಹಲ್ಲು ಮಾತ್ರ ಒಂದೊಂದಾಗಿ ನನ್ನ ಪಕ್ಷ ಬಿಡುತ್ತಿವೆ.

ಮೊನ್ನೆ ಫೋನಿನಲ್ಲಿ ನೀನು ‘ಅಪ್ಪಾ, ನೀ ಏರ್‌ಪೋರ್ಟಿನ ಒಳಗ ಏನ್ ಮಾಡಾಕತ್ತಿದ್ದಿ?’ ಎಂದು ಕೇಳುವಷ್ಟರಲ್ಲಿ ನಿಮ್ಮವ್ವ ಫೋನು ಕಸಿದುಕೊಂಡಳು. ಅಂದಿನಿಂದ ಆ ಯಂತ್ರ ರಾತ್ರಿ ಅವಳ ದಿಂಬಿನ ಕೆಳಗೆ, ಹಗಲು ಅವಳ ಚೀಲದಲ್ಲಿ. ಅದಕ್ಕೇ ಈ ಪತ್ರ. ಅವಳು ಗಿರಣಿಗೆ ಜೋಳ ಬೀಸಿಸಲು ಹೋಗಿದ್ದಾಳೆ, ಬರುವುದರೊಳಗೆ ಮುಗಿಸಬೇಕು.

ದೀಪಾವಳಿ ಮುಗಿದ ಮೇಲೆ ನಾನು ಮಾಡಿದ ಹಲ್ಕಟ್ ಕೆಲಸ ನಿನಗೆ ಗೊತ್ತೇ ಇದೆ. ಆದರೆ ನಿಮ್ಮವ್ವ ನಿನಗೆ ಹೇಳುವಾಗ ನನ್ನ ಮಾನ ಕಾಯಲು ಅರ್ಧ ಬಿಟ್ಟಿರುತ್ತಾಳೆ, ಪೂರ್ತಿ ನನ್ನ ಬಾಯಿಂದಲೇ ಕೇಳು. ‘ಅಖಿಲ ಭಾರತ ರೊಟ್ಟಿ ಮಂಡಳಿ, ದಿಲ್ಲಿ’ ಎಂಬ ಇಲ್ಲದ ಕಚೇರಿಯ ಹೆಸರಿನಲ್ಲಿ ನಾನೇ ಪತ್ರ ಟೈಪು ಮಾಡಿಸಿದೆ. ಬಟಾಟೆಯನ್ನು ಅರ್ಧ ಕೊಯ್ದು, ಅದರಲ್ಲಿ ರೊಟ್ಟಿಯ ಚಿತ್ರ ಕೆತ್ತಿ, ನೀಲಿ ಶಾಯಿಗೆ ಅದ್ದಿ ಕಚೇರಿಯ ಮುದ್ರೆಯಂತೆ ಸಿಕ್ಕಾ ಹೊಡೆದೆ. ಶ್ರೀಮತಿ ಕಸ್ತೂರೆವ್ವ ಅವರ ರೊಟ್ಟಿಗೆ ದೇಶದ ಮೊದಲ ಬಹುಮಾನ ಬಂದಿದೆ ಎಂಬ ಆ ಪತ್ರವನ್ನು ಅಂಚೆಗೆ ಹಾಕಿದೆ. ಅವಳು ಒಂದು ದಿನ ನಂಬುತ್ತಾಳೆ, ಸಂಜೆ ಇಬ್ಬರೂ ನಗೋಣ ಎಂಬುದು ನನ್ನ ಲೆಕ್ಕ. ಅವಳು ಅದನ್ನು ಮೂರು ಸಲ ಓದಿ, ಕಣ್ಣು ಒರೆಸಿಕೊಂಡು, ನೇರ ದೇವಕ್ಕನ ಮನೆಗೆ ಹೋದಳು. ದೇವಕ್ಕ ಮಹಿಳಾ ಸಂಘದ ಮುಖ್ಯಸ್ಥೆ, ಸುಮ್ಮನಿರುವ ಪೈಕಿಯಲ್ಲ. ಎರಡೇ ದಿನದಲ್ಲಿ ಸಮುದಾಯ ಭವನದಲ್ಲಿ ಎಂಬತ್ತು ಹೆಂಗಸರು ಸೇರಿ ನಿಮ್ಮವ್ವನಿಗೆ ಶಾಲು ಹೊದಿಸಿದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬಾಯಿ ಮುಚ್ಚುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. ಎದ್ದು ನಿಂತು, ಮಂಡಳಿಯ ಸಿಕ್ಕಾ ಇದೇ ಎಂದು ಬಟಾಟೆ ತೋರಿಸಿಬಿಟ್ಟೆ. ಎಂಬತ್ತು ಜನ ನಕ್ಕರು. ಒಬ್ಬಳು ನಗಲಿಲ್ಲ. ಶಾಲು ತೆಗೆದು ದೇವಕ್ಕನ ಹೆಗಲಿಗೆ ಹಾಕಿ ಮನೆಗೆ ನಡೆದಳು. ಆ ವಾರವೇ ನಿನ್ನ ಕಾಲು ಮುರಿದ ಸುದ್ದಿ ಬಂತು, ಅವಳು ನಿನ್ನನ್ನು ನೋಡಿಕೊಳ್ಳಲು ದಿಲ್ಲಿಗೆ ಬಂದಳು. ಅಂದಿನಿಂದ ನನ್ನ ಫೋನಿಗೆ ಅವಳು ಒಮ್ಮೆಯೂ ‘ಹಲೋ’ ಅನ್ನಲಿಲ್ಲ. ಏನಿದ್ದರೂ ನಿನ್ನ ಮೂಲಕ. ‘ಉಪ್ಪಿನಕಾಯಿ ಭರಣಿ ಬಿಸಲಿಗಿಡಂತ ನಿಮ್ಮಪ್ಪಗ ಹೇಳು’ ಎಂದು ಹಿಂದಿನಿಂದ ಕೇಳಿಸುತ್ತಿತ್ತು. ಆ ಒಂದು ವಾಕ್ಯಕ್ಕಾಗಿ ನಾನು ಮೂರು ಸಲ ಭರಣಿ ಒಳಗಿಟ್ಟು ಮರೆತಂತೆ ನಟಿಸಿದ್ದೇನೆ.

ಕೊನೆಗೆ ನಾನೇ ಬಂದು ಎದುರಿಗೆ ತಪ್ಪಾಯಿತು ಅನ್ನಬೇಕೆಂದು ನಿರ್ಧರಿಸಿದೆ. ನಿನಗೂ ತಿಳಿಸಲಿಲ್ಲ. ಅಣ್ಣಿಗೇರಿಯ ಕಂಪ್ಯೂಟರ್ ಅಂಗಡಿಯ ಹನಮಂತಪ್ಪ ಟಿಕೀಟು ತೆಗೆದುಕೊಟ್ಟು ಎರಡು ಸಲ ಎಚ್ಚರಿಸಿದ: ‘ಕಾಕಾ, ಅಲ್ಲಿ ಹೋಗಿ ಚ್ಯಾಷ್ಟಿ ಮಾಡಬ್ಯಾಡ್ರಿ, ಹಿಡದು ಒಳಗ ಹಾಕ್ತಾರ.’ ಸೋಮವಾರ ಹುಬ್ಬಳ್ಳಿಯಲ್ಲಿ ನನ್ನನ್ನು ನೋಡಿದ್ದರೆ ನೀನು ಹೊಸ ಅಪ್ಪ ಸಿಕ್ಕನೆಂದು ತಿಳಿಯುತ್ತಿದ್ದೆ. ತಪಾಸಣೆಯ ಬಾಗಿಲಲ್ಲಿ ಕೈ ಮೇಲೆತ್ತು ಎಂದರೆ ಎತ್ತಿದೆ, ತಿರುಗು ಎಂದರೆ ತಿರುಗಿದೆ. ಎಲೆ ಅಡಿಕೆಯ ಚಂಚಿಯಿಂದ ಅಡಕತ್ತರಿ ತೆಗೆದಿಟ್ಟುಕೊಂಡರು, ಅದಕ್ಕೂ ತುಟಿ ಬಿಚ್ಚಲಿಲ್ಲ. ಹೀಗೆ ಎಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಸಭ್ಯಸ್ಥನಾಗಿ ಗಾಜಿನ ಪಕ್ಕದ ಕುರ್ಚಿಯಲ್ಲಿ ಕುಳಿತೆ.

ದಿಲ್ಲಿಯಿಂದ ಬಂದ ವಿಮಾನವೇ ನಮ್ಮನ್ನು ಹತ್ತಿಸಿಕೊಂಡು ತಿರುಗಿ ಹೋಗುತ್ತದಂತೆ, ನಮ್ಮ ನವಲಗುಂದ ಬಸ್ಸಿನ ಹಾಗೆ. ಅದು ಬಂದು ನಿಂತಿತು. ಜನ ಇಳಿದು ಗಾಜಿನ ಆಚೆ ನಡೆದು ಹೊರಟರು. ನೋಡುತ್ತೇನೆ, ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಬಲಗೈಯಲ್ಲಿ ಸ್ಟೀಲಿನ ಡಬ್ಬಿ. ನಿಮ್ಮವ್ವ! ಎದ್ದು ಗಾಜು ಬಡಿದೆ. ಅವಳು ಅಷ್ಟು ದೂರ, ಗಾಳಿಯ ಸದ್ದು ಬೇರೆ. ಫೋನು ಹಚ್ಚಿದೆ. ಅವಳು ನಿಂತಳು, ಚೀಲದಿಂದ ಫೋನು ತೆಗೆದಳು, ನನ್ನ ಹೆಸರು ನೋಡಿದಳು, ಮತ್ತೆ ಚೀಲಕ್ಕೆ ಹಾಕಿ ನಡೆದಳು. ನನ್ನ ಕಣ್ಣೆದುರಿಗೇ! ನಿನಗೆ ಹಚ್ಚಿದೆ, ನೀನು ಎತ್ತಲಿಲ್ಲ. ಮುಂದೇನಾಗುತ್ತದೆ ಎಂದು ಆಗ ಹೊಳೆಯಿತು. ನಾನು ವಿಮಾನ ಹತ್ತುತ್ತೇನೆ, ಅವಳು ಶಲವಡಿಗೆ ಹೋಗಿ ಬೀಗ ಹಾಕಿದ ಬಾಗಿಲು ನೋಡುತ್ತಾಳೆ. ತಾನು ಬರುವ ಸುಳಿವು ಸಿಕ್ಕು ಗಂಡ ಬೇಕೆಂದೇ ಓಡಿಹೋದ, ಇದೂ ಒಂದು ಚ್ಯಾಷ್ಟಿ ಎಂದೇ ತಿಳಿಯುತ್ತಾಳೆ. ನಾನು ಆಣೆ ಮಾಡಿ ಹೇಳಿದರೂ ನಂಬುವುದಿಲ್ಲ. ಎರಡೆರಡು ಚ್ಯಾಷ್ಟಿಗೆ ಕ್ಷಮೆ ಸಿಗುವುದು ನನ್ನ ಹಣೆಯಲ್ಲಿ ಬರೆದಿಲ್ಲ, ಯವ್ವಾ.

ಬಾಗಿಲಿನ ಮೇಜಿನ ಬಳಿ ವಿಮಾನದವರ ಕಡೆಯ ಹುಡುಗಿ ನಿಂತಿದ್ದಳು, ಎದೆಯ ಮೇಲೆ ರಜಿಯಾಬಿ ಎಂಬ ಹೆಸರಿನ ಪಟ್ಟಿ. ನನ್ನನ್ನು ಹೊರಗೆ ಬಿಡು, ನನ್ನ ಹೆಂಡತಿ ಬಂದಿದ್ದಾಳೆ ಎಂದೆ. ‘ಅಜ್ಜಾರ, ತಪಾಸಣಿ ಮುಗಿಸಿ ಒಳಗ ಬಂದಮ್ಯಾಲ ಹಂಗ ಹೊರಗ ಬಿಡಾಕ ಬರೂದಿಲ್ಲರಿ. ಟಿಕೀಟು ರದ್ದಾಗಬೇಕು, ನಿಮ್ಮ ಬ್ಯಾಗ ಇಳಸಬೇಕು, ಸಾಹೇಬ್ರು ಕಾರಣ ಬರಕೋಬೇಕು’ ಎಂದಳು. ಆಮೇಲೆ ನನ್ನ ಟಿಕೀಟು ನೋಡಿ, ನನ್ನ ಮುಖ ನೋಡಿ, ‘ಶಲವಡಿ ಹೊಳೆಪ್ಪಜ್ಜ ಅಲ್ರಿ ನೀವು?’ ಎಂದಳು. ಅವಳ ತಾಯಿ ಮಲಿಕಾಬಿ ನಮ್ಮ ಊರಿನವಳೇ! ನವಲಗುಂದದಲ್ಲಿ ಹಳೆಯ ಕೊಡೆಗೆ ಹೊಸ ಕೊಡೆ ಕೊಡುತ್ತಾರೆಂಬ ನನ್ನ ಮಾತು ನಂಬಿ, ಓಣಿಯ ಹರಕು ಕೊಡೆಗಳನ್ನೆಲ್ಲ ಹೊತ್ತು ಬಸ್ಸು ಹತ್ತಿದ್ದಳು ಪಾಪ. ಹುಡುಗಿ ಕೈ ಕಟ್ಟಿಕೊಂಡಳು. ‘ನಮ್ಮವ್ವ ಇನ್ನೂ ಬೈತಾಳರಿ. ಈ ಸಲ ನಿಮ್ಮ ಮಾತು ನಾ ನಂಬೂದಿಲ್ಲ.’ ಜೀವಮಾನವಿಡೀ ಸುಳ್ಳು ಹೇಳಿ ನಂಬಿಸಿದೆ, ಒಂದು ನಿಜ ಹೇಳಿದರೆ ಕೊಳ್ಳುವವರೇ ಇಲ್ಲ.

ಅಷ್ಟರಲ್ಲಿ ಮೀಸೆಯ ಸಾಹೇಬರೊಬ್ಬರು ಬಂದರು, ಅವರದು ಬರೀ ಹಿಂದಿ. ನಾನು ಕೈ ಮುಗಿದು, ಆ ಕಡೆ ಹಸಿರು ಸೀರೆಯ ಅಜ್ಜಿಯ ಬಳಿ ಗಂಡನ ಹೆಸರು ಕೇಳಿಸಿರಿ, ಹೊಳೆಪ್ಪ ಎನ್ನದಿದ್ದರೆ ಸುಮ್ಮನೆ ವಿಮಾನ ಹತ್ತುತ್ತೇನೆ ಎಂದೆ. ರಜಿಯಾಬಿ ಅದನ್ನು ಹಿಂದಿಗೆ ತಿರುಗಿಸಿದಳು, ಅವರು ತಲೆ ಆಡಿಸಿದರು. ಬ್ಯಾಗು ಬರುವ ಕಡೆಯಿದ್ದ ಗೆಳತಿಗೆ ಅವಳು ವಾಕಿಟಾಕಿಯಲ್ಲಿ ಹೇಳಿದಳು. ಉತ್ತರ ಬಂತು: ‘ಅಜ್ಜಿ ಹೇಳವಲ್ಲರು. ಗಂಡನ ಹೆಸರು ಹಂಗ ಹ್ಯಾಂಗ ಹೇಳೂದು, ಏನ್ ಕೇಳ್ತಿ ನೀ ಅಂತ ನನಗ ಬೈಯಾಕತ್ತಾರ.’ ನನಗೆ ನಗು ಬಂತು. ಐವತ್ತು ವರ್ಷದಲ್ಲಿ ನಿಮ್ಮವ್ವ ನನ್ನ ಹೆಸರನ್ನು ಬರಿದೇ ಹೇಳಿದ್ದೇ ಇಲ್ಲ. ಹಾಗಾದರೆ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಹೆಸರು ಸೇರಿಸಿ ಹೇಳಿಸಮ್ಮಾ ಎಂದೆ. ಸ್ವಲ್ಪ ಹೊತ್ತು ಗರಗರ ಸದ್ದು. ಆಮೇಲೆ ಮೂರು ತಿಂಗಳಿಂದ ನಿನ್ನ ಹಿಂದಿನಿಂದಷ್ಟೇ ಕೇಳಿಸುತ್ತಿದ್ದ ಆ ದನಿ, ನಾನು ಕೇಳುತ್ತಿದ್ದೇನೆಂಬ ಅರಿವೇ ಇಲ್ಲದೆ:

‘ದಿಲ್ಲಿಯೊಳಗ ಕೆಂಪು ಕ್ವಾಟಿ, ಹಳ್ಳಿಯೊಳಗ ಮಣ್ಣಿನ ಗ್ವಾಡಿ,
ನೂರಾ ಒಂದು ಸುಳ್ಳು ಹೇಳಿದ್ರೂ ಹೊಳೆಪ್ಪನವ್ರ ನನಗ ಜೋಡಿ.’

ಅಲ್ಲಿದ್ದ ಪ್ರಯಾಣಿಕರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕಣ್ಣೊರೆಸಲು ಧೋತರದ ಚುಂಗು ಹುಡುಕಿದೆ. ‘ಆತು ಬಿಡ್ರಿ ಅಜ್ಜಾರ, ಇದನ್ನ ಯಾರೂ ಹುಟ್ಟಿಸಿ ಹೇಳಾಕ ಆಗೂದಿಲ್ಲ’ ಎಂದು ರಜಿಯಾಬಿ ಟಿಕೀಟಿನ ಮೇಲೆ ಗೀಟು ಎಳೆದಳು. ನನ್ನ ಬ್ಯಾಗು ವಿಮಾನದ ಹೊಟ್ಟೆಯಿಂದ ಇಳಿಯಿತು. ಸಾಹೇಬರು ದಪ್ಪ ಪುಸ್ತಕ ತೆರೆದು, ಕಾರಣದ ಅಂಕಣದಲ್ಲಿ ‘ಹೆಂಡತಿ ಬಂದಳು’ ಎಂದು ಹಿಂದಿಯಲ್ಲಿ ಬರೆದು ನನ್ನ ಸಹಿ ತೆಗೆದುಕೊಂಡರು. ನನ್ನ ಅಡಕತ್ತರಿಯನ್ನೂ ಕೊಟ್ಟು ಹೊರಬಾಗಿಲ ತನಕ ಬಂದು ಬಿಟ್ಟರು. ವಿಮಾನ ಹೋಯಿತು, ಮಾನ ಉಳಿಯಿತು.

ನಿಮ್ಮವ್ವ ಟ್ರಾಲಿ ಹಿಡಿದು ನಿಂತಿದ್ದಳು. ನನ್ನನ್ನು ಕಂಡವಳೇ ‘ನಾ ಬರೂದು ನಿಮಗ ಯಾರ್ ಹೇಳಿದ್ರು? ಮಹಾನಂದಾನ ಹೇಳಿರಬೇಕು!’ ಎಂದಳು. ನನಗೆ ಎಂಥ ಅವಕಾಶ ನೋಡು. ಎಲ್ಲ ಗೊತ್ತಿತ್ತು, ಕರೆಯಲು ಬಂದೆ ಎಂದಿದ್ದರೆ ಸಾಯುವ ತನಕ ಮೆರೆಯಬಹುದಿತ್ತು. ನಾಲಿಗೆಯ ತುದಿಗೆ ಬಂದಿದ್ದನ್ನು ನುಂಗಿದೆ. ‘ನಿನ್ನ ಕಡೆ ತಪ್ಪಾತು ಅನ್ನಾಕ ದಿಲ್ಲಿಗೆ ಹೊಂಟಿದ್ದೆ’ ಎಂದೆ. ‘ಸುಳ್ಳ!’ ಎಂದಳು. ಗೀಟು ಎಳೆದ ಟಿಕೀಟು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು, ಮೂರನೆಯ ಸಲ ಓದುವಾಗ ನಗು ತಡೆಯಲಾಗದೆ ಟ್ರಾಲಿಯ ಮೇಲೆಯೇ ಕುಳಿತುಬಿಟ್ಟಳು. ಅವಳೂ ಇದ್ದಕ್ಕಿದ್ದಂತೆ ಬಂದು ನನ್ನನ್ನು ಬೆಚ್ಚಿಬೀಳಿಸಲು ನಿನ್ನಿಂದ ಆಣೆ ಹಾಕಿಸಿಕೊಂಡು ಹೊರಟಿದ್ದಳಂತೆ. ಅಣ್ಣಿಗೇರಿ ಬಸ್ಸಿನಲ್ಲಿ ಡಬ್ಬಿ ತೆರೆದು, ನಿನ್ನ ಮನೆಯಲ್ಲಿ ಬಡಿದ ರೊಟ್ಟಿ ಕೊಟ್ಟಳು. ಮೂರು ತಿಂಗಳ ಮಾತನ್ನೆಲ್ಲ ದಾರಿಯಲ್ಲಿಲ್ಲದ ನವಲಗುಂದ, ಶಿಶುವಿನಾಳ ಸುತ್ತಿ ಬಂದಂತೆ ಎಲ್ಲೆಲ್ಲೋ ಸುತ್ತಿ ಹೇಳಿದಳು, ನಾನು ನಡುವೆ ಬಾಯಿ ಹಾಕಲಿಲ್ಲ. ಅವಳ ಒಡಪು ನಾನು ಕೇಳಿದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ನೀನೂ ಹೇಳಬೇಡ, ಅದು ನನ್ನ ಆಸ್ತಿ.

ಅಳಿಯಂದಿರಿಗೆ ಶರಣು ಹೇಳು. ನಿನ್ನ ಕಾಲು ಲಗೂನ ಕುಣಿಯುವಂತಾಗಲಿ.

ನಿನ್ನ ಅಪ್ಪ,
ಹೊಳೆಪ್ಪ

ತಾ.ಕ.: ಗಿರಣಿಯ ಸದ್ದು ನಿಂತಿತು, ಅವಳು ಬರುವ ಹೊತ್ತಾಯಿತು, ಮುಖ್ಯ ಮಾತು ಈಗ ಹೇಳುತ್ತೇನೆ. ನಿಮ್ಮವ್ವ ಒಂದು ಕರಾರು ಹಾಕಿದ್ದಾಳೆ. ಶಿವರಾತ್ರಿಯ ಮರುದಿನ ಸಂಘದ ಸಭೆಯಲ್ಲಿ, ಅದೇ ಎಂಬತ್ತು ಹೆಂಗಸರ ಎದುರಿಗೆ, ನಾನು ಒಡಪು ಕಟ್ಟಿ ಅವಳ ಹೆಸರು ಹೇಳಬೇಕು, ಕೇಳಿದವರಲ್ಲಿ ಒಬ್ಬರೂ ನಗಬಾರದು. ನಾಲ್ಕು ಕಟ್ಟಿದೆ. ‘ಬಿಳಿಜೋಳದ ರೊಟ್ಟಿ, ಮ್ಯಾಲ ಗುರೆಳ್ಳ ಖಾರ, ಕಸ್ತೂರಿ ಸಿಟ್ಟಿಗೆದ್ದರ ನನಗಿಲ್ಲ ಊರ’ ಎಂಬುದನ್ನು ದೇವಕ್ಕನಿಗೆ ಹೇಳಿ ನೋಡಿದೆ, ಬಿದ್ದು ಬಿದ್ದು ನಕ್ಕಳು. ಉಳಿದ ಮೂರರ ಗತಿಯೂ ಅದೇ. ಐದನೆಯದು ಒಂದೇ ಸಾಲು ಬಂದು ನಿಂತಿದೆ: ‘ನೀ ಇಲ್ಲದ ಮನಿಯೊಳಗ ನನ್ನ ಮಾತಿಗೆ ನಗಾವ್ರ ಇರಲಿಲ್ಲ, ಕಸ್ತೂರಿ.’ ಇದಕ್ಕೆ ಪ್ರಾಸ ಸಿಗುತ್ತಿಲ್ಲ, ಬರೆಯಲು ಕುಳಿತರೆ ಕಣ್ಣು ಮಂಜಾಗುತ್ತದೆ. ಮುಂದಿನ ಸಾಲು ನೀನು ಕಟ್ಟಿ ದೇವಕ್ಕನ ವಿಳಾಸಕ್ಕೆ ಲಗೂನ ಕಳಿಸು, ಯವ್ವಾ.